ಕರ್ತೃ ಯಾರು? ನಿಯತಿ, ಕಾರಣ, ಪ್ರಯತ್ನಗಳ ಒಂದು ಮೀಮಾಂಸೆ

ವಿಷಯ

ಮಗನ ವ್ಯಾಪಾರ ಮುಳುಗಿದರೆ ‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎನ್ನುತ್ತೇವೆ. ಪಕ್ಕದ ಮನೆಯವನ ವ್ಯಾಪಾರ ಮುಳುಗಿದರೆ ‘ಮಾಡಿದ್ದುಣ್ಣೋ ಮಹರಾಯ’ ಎನ್ನುತ್ತೇವೆ. ಎರಡು ಗಾದೆಗಳೂ ಒಂದೇ ಬಾಯಲ್ಲಿ, ಒಂದೇ ದಿನ ಬಂದುಬಿಡುತ್ತವೆ. ಮೊದಲನೆಯದು ಮನುಷ್ಯನ ಹೆಗಲಿಂದ ಹೊಣೆಯನ್ನು ಇಳಿಸುತ್ತದೆ, ಎರಡನೆಯದು ಹೊರಿಸುತ್ತದೆ. ಯಾವುದನ್ನು ಯಾವಾಗ ಆಡಬೇಕು ಎಂಬುದಕ್ಕೆ ನಮ್ಮ ಅನುಕೂಲವನ್ನು ಬಿಟ್ಟರೆ ಬೇರೆ ಅಳತೆ ಇದೆಯೇ? ಮನುಷ್ಯ ತನ್ನ ಕೆಲಸಕ್ಕೆ ತಾನು ಕರ್ತೃವೇ, ಅಥವಾ ಅವನ ಕೈಯಿಂದ ಬೇರೆ ಯಾವುದೋ ಮಾಡಿಸಿಕೊಂಡು ಹೋಗುತ್ತಿದೆಯೇ? ಇದು ಇಲ್ಲಿನ ವಿಷಯ.

ಇಂಥ ವಿಚಾರಕ್ಕೆ ನಮ್ಮ ಶಾಸ್ತ್ರಕಾರರು ಒಂದು ಕ್ರಮ ಹಾಕಿಕೊಟ್ಟಿದ್ದಾರೆ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ. ಎದುರಾಳಿಯ ವಾದವನ್ನು ಅವನೇ ಮೆಚ್ಚುವಂತೆ ಮಂಡಿಸಿದ ಮೇಲಷ್ಟೇ ತನ್ನ ಮಾತು ಆಡಬೇಕೆಂಬ ಕಟ್ಟುಪಾಡು ಅದರಲ್ಲಿದೆ. ಇಲ್ಲಿಯೂ ಅದೇ ಕ್ರಮ ಹಿಡಿಯೋಣ.

ಮೊದಲು ಪಕ್ಷಗಳನ್ನು ಬಿಡಿಸಿ ಇಟ್ಟುಕೊಳ್ಳಬೇಕು. ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಈ ಕೆಲಸವನ್ನು ಆಗಲೇ ಮಾಡಿದ್ದಾಳೆ. ರಾಜ್ಯ ಕಳೆದುಕೊಂಡು ಕ್ಷಮೆಯ ಮಾತಾಡುತ್ತಿದ್ದ ಯುಧಿಷ್ಠಿರನ ಮುಂದೆ ಅವಳು, ಫಲ ಬರುವುದು ದೈವದಿಂದ ಎನ್ನುವವರು, ಆಕಸ್ಮಿಕವಾಗಿ ಎನ್ನುವವರು, ಪುರುಷಪ್ರಯತ್ನದಿಂದ ಎನ್ನುವವರು ಎಂದು ವಾದಿಗಳನ್ನು ವಿಂಗಡಿಸಿ ಹೇಳುತ್ತಾಳೆ. ಇಂದಿನ ಚರ್ಚೆಗೆ ಹೊಂದಿಸಿಕೊಂಡರೆ ನಾಲ್ಕು ಪಕ್ಷಗಳಾಗುತ್ತವೆ.

ಒಂದು, ನಿಯತಿವಾದ: ಆಗಬೇಕಾದ್ದು ಆಗಿಯೇ ತೀರುತ್ತದೆ, ನೀನು ಏನು ಮಾಡಿದರೂ, ಮಾಡದಿದ್ದರೂ ಅಷ್ಟೆ. ಎರಡು, ಕಾರಣವಾದ: ಆಗುವುದೆಲ್ಲ ಹಿಂದಿನ ಕಾರಣಗಳಿಂದ ಆಗುತ್ತದೆ, ನೀನು ಮಾಡುವುದೂ ಆ ಕಾರಣಗಳಲ್ಲಿ ಒಂದು, ಅದಕ್ಕೂ ಹಿಂದೆ ಕಾರಣವಿದೆ. ಮೂರು, ಯದೃಚ್ಛಾವಾದ: ಕೆಲವು ಸಂಗತಿಗಳು ಕಾರಣವಿಲ್ಲದೆ ತಾವಾಗಿ ಸಂಭವಿಸುತ್ತವೆ. ನಾಲ್ಕು, ಕೇವಲ ಸ್ವಾತಂತ್ರ್ಯವಾದ: ನನ್ನ ನಿರ್ಧಾರಕ್ಕೆ ಮೂಲ ನಾನೊಬ್ಬನೇ, ನನ್ನ ಹಿಂದೆ ನನ್ನನ್ನು ನೂಕುವಂಥದು ಯಾವುದೂ ಇಲ್ಲ.

ಈ ಚರ್ಚೆಯಲ್ಲಿ ಹುಟ್ಟುವ ಗೊಂದಲದ ಬಹುಪಾಲು ಮೊದಲೆರಡನ್ನು ಒಂದೇ ಎಂದು ತಿಳಿಯುವುದರಿಂದ ಬರುತ್ತದೆ. ನಿಯತಿವಾದಿಗೆ ಪ್ರಯತ್ನ ಲೆಕ್ಕಕ್ಕಿಲ್ಲ. ಕಾರಣವಾದಿಗೆ ಪ್ರಯತ್ನವೂ ಲೆಕ್ಕದೊಳಗೇ ಇದೆ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದೆಂಬುದು ಮುಂದೆ ತಿಳಿದೀತು.

ಸಂಶಯ

ಸಂಶಯ ಹುಟ್ಟಬೇಕಾದರೆ ಎರಡೂ ಕಡೆ ಬಲ ಇರಬೇಕು. ಇಲ್ಲಿ ಇದೆ.

ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯನ್ನು ಹೊಗಳುತ್ತೇವೆ, ಲಂಚ ತಿಂದ ಅಧಿಕಾರಿಯನ್ನು ತೆಗಳುತ್ತೇವೆ, ಕೊಟ್ಟ ಮಾತಿಗೆ ತಪ್ಪಿದ ಗೆಳೆಯನ ಮೇಲೆ ಮುನಿಯುತ್ತೇವೆ. ಇವೆಲ್ಲ ನಡೆಯುವುದು ಅವರು ಬೇರೆ ರೀತಿ ನಡೆದುಕೊಳ್ಳಬಹುದಿತ್ತು ಎಂಬ ನಂಬಿಕೆಯ ಮೇಲೆ. ಅದೇ ನಾವು ವೈದ್ಯರ ಬಳಿ ಕುಳಿತಾಗ ‘ಇದು ನಿಮ್ಮ ವಂಶದಲ್ಲಿ ಯಾರಿಗಾದರೂ ಇತ್ತೇ?’ ಎಂದು ಅವರು ಕೇಳಿದರೆ ಆಶ್ಚರ್ಯಪಡುವುದಿಲ್ಲ. ಕುಡಿತದ ಚಟಕ್ಕೂ ಖಿನ್ನತೆಗೂ ಹಿಂದೆ ಶರೀರದ, ಮನೆಯ, ಬಾಲ್ಯದ ಕಾರಣಗಳಿವೆ ಎಂಬುದನ್ನು ಒಪ್ಪುತ್ತೇವೆ. ನ್ಯಾಯಾಲಯದಲ್ಲಿ ಮನುಷ್ಯ ಕರ್ತೃ, ಆಸ್ಪತ್ರೆಯಲ್ಲಿ ಅವನು ಕಾರ್ಯ. ಎರಡು ಕಟ್ಟಡಗಳ ನಡುವೆ ನಡೆದುಹೋಗುವಾಗ ಅವನ ಸ್ವರೂಪ ಬದಲಾಗುವುದೇ?

ಪೂರ್ವಪಕ್ಷ

ಪೂರ್ವಪಕ್ಷಿ ಇಬ್ಬರು. ಮೊದಲನೆಯವನು ನಿಯತಿವಾದಿ. ಅವನ ಕಡೆಯಿಂದ ಮಾತಾಡಲು ಮಕ್ಖಲಿ ಗೋಸಾಲನಿಗಿಂತ ಅಧಿಕಾರಿ ಇಲ್ಲ. ಬುದ್ಧ, ಮಹಾವೀರರ ಸಮಕಾಲೀನನಾದ ಈತ ಆಜೀವಿಕ ಪಂಥದ ಗುರು. ಅಶೋಕ ಬಿಹಾರದ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ದಾನ ಮಾಡಿದ್ದು ಈ ಪಂಥದವರಿಗೆ. ದೀಘನಿಕಾಯದ ಸಾಮಞ್ಞಫಲಸುತ್ತದಲ್ಲಿ ಅಜಾತಶತ್ರು ರಾಜ ಗೋಸಾಲನ ಮತವನ್ನು ಬುದ್ಧನಿಗೆ ವರದಿ ಮಾಡುತ್ತಾನೆ. ಜೀವಿಗಳ ಮಲಿನತೆಗೂ ಕಾರಣವಿಲ್ಲ, ಶುದ್ಧಿಗೂ ಕಾರಣವಿಲ್ಲ, ಬಲವೆಂಬುದಿಲ್ಲ, ಪ್ರಯತ್ನವೆಂಬುದಿಲ್ಲ. ಎಸೆದ ನೂಲಿನ ಉಂಡೆ ನೂಲು ಮುಗಿಯುವ ತನಕ ಬಿಚ್ಚಿಕೊಳ್ಳುತ್ತ ಉರುಳುವಂತೆ, ಮೂಢನೂ ಪಂಡಿತನೂ 84 ಲಕ್ಷ ಮಹಾಕಲ್ಪಗಳನ್ನು ಸುತ್ತಿಯೇ ದುಃಖದ ಕೊನೆ ಮುಟ್ಟುತ್ತಾರೆ.

ಗೋಸಾಲ ಈ ನಿಲುವಿಗೆ ಬಂದ ಬಗೆಯನ್ನು ಜೈನರ ಭಗವತೀಸೂತ್ರ ಒಂದು ಕಥೆಯಾಗಿ ಹೇಳುತ್ತದೆ. ಮಹಾವೀರನ ಜೊತೆ ನಡೆದು ಹೋಗುವಾಗ ದಾರಿಯಲ್ಲಿ ಒಂದು ಎಳ್ಳಿನ ಗಿಡ ಕಂಡಿತು. ಇದು ಉಳಿದು ಕಾಯಿ ಬಿಡುವುದೇ ಎಂದು ಗೋಸಾಲ ಕೇಳಿದ. ಬಿಡುತ್ತದೆ ಎಂದ ಮಹಾವೀರ. ಮಾತನ್ನು ಸುಳ್ಳು ಮಾಡಲೆಂದು ಗೋಸಾಲ ಗಿಡವನ್ನು ಕಿತ್ತೆಸೆದ. ಅಷ್ಟರಲ್ಲಿ ಮಳೆ ಬಿತ್ತು, ಗಿಡ ಮತ್ತೆ ಬೇರೂರಿತು, ಮರಳಿ ಬರುವಾಗ ಕಾಯಿ ಬಿಟ್ಟಿತ್ತು. ತಪ್ಪಿಸಲು ಹೋದ ಕೈಯೂ ಸೋತಿತು ಎಂದು ಕಂಡ ಗೋಸಾಲ ನಿಯತಿಯೇ ಎಲ್ಲ ಎಂದು ತೀರ್ಮಾನಿಸಿದ.

ಎರಡನೆಯ ಪೂರ್ವಪಕ್ಷಿ ಆಧುನಿಕ ಕಾರಣವಾದಿ. ಅವನಿಗೆ ನಿಯತಿ ಬೇಕಿಲ್ಲ, ಪ್ರಕೃತಿಯ ನಿಯಮಗಳು ಸಾಕು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಬರೆದ ಪ್ರಕಾರ, ಒಂದು ಕ್ಷಣದಲ್ಲಿ ಜಗತ್ತಿನ ಎಲ್ಲ ಬಲಗಳನ್ನೂ ಎಲ್ಲ ವಸ್ತುಗಳ ಸ್ಥಾನವನ್ನೂ ಅರಿತ ಬುದ್ಧಿಯೊಂದಿದ್ದರೆ ಅದಕ್ಕೆ ಭೂತ, ಭವಿಷ್ಯ ಎರಡೂ ಕಣ್ಣೆದುರಿನದಾಗಿರುತ್ತವೆ. ಅಮೆರಿಕದ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಾದಕ್ಕೆ ಮಿದುಳಿನ ಸಾಕ್ಷ್ಯ ತಂದಿತು. ಮನಸ್ಸು ಬಂದಾಗ ಕೈ ಅಲುಗಿಸಿ, ಮನಸ್ಸು ಬಂದ ಗಳಿಗೆಯನ್ನು ಎದುರಿನ ಗಡಿಯಾರದಲ್ಲಿ ಗುರುತಿಸಿ ಎಂದು ಜನರಿಗೆ ಹೇಳಲಾಗಿತ್ತು. ಕೈ ಅಲುಗುವುದಕ್ಕೆ ಸುಮಾರು 200 ಮಿಲಿಸೆಕೆಂಡು ಮೊದಲು ಅವರಿಗೆ ಇಚ್ಛೆಯ ಅರಿವಾಗಿತ್ತು. ಮಿದುಳಿನ ವಿದ್ಯುತ್ ಚಟುವಟಿಕೆಯಾದರೋ ಸುಮಾರು 550 ಮಿಲಿಸೆಕೆಂಡು ಮೊದಲೇ ಶುರುವಾಗಿತ್ತು. ನಾನು ನಿರ್ಧರಿಸಿದೆ ಎನ್ನುವ ಹೊತ್ತಿಗೆ ಕೆಲಸ ಆಗಲೇ ಹೊರಟಿದೆ ಎನ್ನುತ್ತಾನೆ ಪೂರ್ವಪಕ್ಷಿ.

ಅವನ ಬಲವಾದ ವಾದ ಇನ್ನೂ ಮುಂದಿದೆ. 1966ರ ಆಗಸ್ಟ್ 1ರಂದು ಅಮೆರಿಕದ ಆಸ್ಟಿನ್‌ನಲ್ಲಿ ಚಾರ್ಲ್ಸ್ ವಿಟ್‌ಮನ್ ಎಂಬಾತ ತಾಯಿಯನ್ನೂ ಹೆಂಡತಿಯನ್ನೂ ಕೊಂದು, ವಿಶ್ವವಿದ್ಯಾಲಯದ ಗೋಪುರ ಹತ್ತಿ ಜನರ ಮೇಲೆ ಗುಂಡು ಹಾರಿಸಿದ. ತನ್ನ ತಲೆಯಲ್ಲಿ ಏನೋ ಕೆಟ್ಟಿದೆ, ಸತ್ತ ಮೇಲೆ ಪರೀಕ್ಷಿಸಿ ಎಂದು ಮೊದಲೇ ಬರೆದಿಟ್ಟಿದ್ದ. ಶವಪರೀಕ್ಷೆಯಲ್ಲಿ ಮಿದುಳಿನಲ್ಲಿ ಗೆಡ್ಡೆ ಸಿಕ್ಕಿತು. ಅದರ ಪಾತ್ರ ಎಷ್ಟೆಂಬುದು ವಾದದಲ್ಲೇ ಉಳಿದಿದೆ. ಆದರೆ ಗೆಡ್ಡೆಯ ಸುದ್ದಿ ಕೇಳಿದೊಡನೆ ನಮ್ಮ ಕೋಪ ಸ್ವಲ್ಪ ಸಡಿಲವಾಗುತ್ತದೆಯಲ್ಲ, ಪೂರ್ವಪಕ್ಷಿ ಅದನ್ನು ಹಿಡಿದು ಕೇಳುತ್ತಾನೆ: ಗೆಡ್ಡೆ ಅವನು ಆರಿಸಿಕೊಂಡದ್ದಲ್ಲ ಎಂದು ರಿಯಾಯಿತಿ ಕೊಡುವಿರಾದರೆ, ಹುಟ್ಟಿದ ಮನೆ, ಬಂದ ವಂಶವಾಹಿ, ಉಂಡ ಪೆಟ್ಟು ಇವು ಯಾರು ಆರಿಸಿಕೊಂಡದ್ದು? ಕಣ್ಣಿಗೆ ಕಾಣುವ ಕಾರಣಕ್ಕೆ ಕ್ಷಮೆ, ಕಾಣದ ಕಾರಣಕ್ಕೆ ಶಿಕ್ಷೆ ಎಂದಾದರೆ ನಿಮ್ಮ ನ್ಯಾಯವು ನಿಮ್ಮ ಅಜ್ಞಾನದ ಅಳತೆಯಷ್ಟೇ.

ನಿಯತಿವಾದದ ಪರೀಕ್ಷೆ

ಮೊದಲ ಪೂರ್ವಪಕ್ಷಿಯನ್ನು ಮೊದಲು ನೋಡೋಣ. ಜೈನರ ಏಳನೆಯ ಅಂಗವಾದ ಉವಾಸಗದಸಾಓದಲ್ಲಿ ಪೋಲಾಸಪುರದ ಸದ್ದಾಲಪುತ್ತನ ಪ್ರಸಂಗವಿದೆ. ಅವನು ಕುಂಬಾರ, ಐನೂರು ಅಂಗಡಿಗಳ ಒಡೆಯ, ಗೋಸಾಲನ ಭಕ್ತ. ಒಣಗಲು ಇಟ್ಟ ಮಡಕೆಗಳನ್ನು ತೋರಿಸಿ ಮಹಾವೀರ ಕೇಳುತ್ತಾನೆ: ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ? ಪ್ರಯತ್ನವಿಲ್ಲದೆ, ಎಲ್ಲವೂ ನಿಯತ ಎನ್ನುತ್ತಾನೆ ಕುಂಬಾರ. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿ ಅಗ್ನಿಮಿತ್ರೆಯ ಮೇಲೆ ಕೈ ಹಾಕಿದರೆ ಏನು ಮಾಡುವೆ? ಬೈಯುವೆ, ಹೊಡೆಯುವೆ, ಕೊಂದೇ ಬಿಡುವೆ. ಆದರೆ ನಿನ್ನ ಮತದ ಪ್ರಕಾರ ಯಾರೂ ಕದಿಯಲಿಲ್ಲ, ಯಾರೂ ಒಡೆಯಲಿಲ್ಲವಲ್ಲ! ಕುಂಬಾರ ಸೋತು ಮಹಾವೀರನ ಶಿಷ್ಯನಾಗುತ್ತಾನೆ.

ಇನ್ನಷ್ಟು ಗಟ್ಟಿ ವಾದಿಯಾಗಿದ್ದರೆ ಅವನು ಸೋಲಬೇಕಿರಲಿಲ್ಲ. ‘ನನ್ನ ಕೋಪವೂ ನಿಯತವೇ, ನಾನು ಹೊಡೆಯುವುದೂ ನಿಯತವೇ’ ಎನ್ನಬಹುದಿತ್ತು. ಹಾಗೆಂದ ಮಾತ್ರಕ್ಕೆ ಮತ ಉಳಿಯುತ್ತದೆ, ಆದರೆ ಪೊಳ್ಳಾಗಿ ಉಳಿಯುತ್ತದೆ. ಕೋಪಿಸಿಕೊಂಡರೂ ಅದಕ್ಕೆ ಹೊಂದುತ್ತದೆ, ಕೋಪಿಸಿಕೊಳ್ಳದಿದ್ದರೂ ಹೊಂದುತ್ತದೆ. ದುಡಿದರೂ ಸರಿ, ಮಲಗಿದರೂ ಸರಿ. ಅಂಥ ಮತದಿಂದ ‘ಆದ್ದರಿಂದ ಪ್ರಯತ್ನ ವ್ಯರ್ಥ’ ಎಂಬ ತೀರ್ಮಾನ ಹೊರಡಲಾರದು. ನಿಯತಿವಾದಿ ಲೋಕಕ್ಕೆ ಹೇಳಹೊರಟಿದ್ದು ಆ ತೀರ್ಮಾನವನ್ನೇ.

ಗ್ರೀಕರಲ್ಲಿ ಇದೇ ವಾದಕ್ಕೆ ‘ಸೋಮಾರಿ ವಾದ’ ಎಂಬ ಹೆಸರಿತ್ತು. ರೋಗ ವಾಸಿಯಾಗುವುದು ವಿಧಿಲಿಖಿತವಾಗಿದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ವಾಸಿಯಾಗುತ್ತದೆ. ಲಿಖಿತವಾಗಿಲ್ಲದಿದ್ದರೆ ಕರೆದರೂ ಆಗದು. ಆದ್ದರಿಂದ ಕರೆಯುವುದು ದಂಡ. ಸಿಸೆರೊ ವಿಧಿಯ ಬಗ್ಗೆ ಬರೆದ ಗ್ರಂಥದಲ್ಲಿ ಇದಕ್ಕೆ ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್ ಕೊಟ್ಟ ಉತ್ತರ ದಾಖಲಾಗಿದೆ. ವಾಸಿಯಾಗುವುದು ಲಿಖಿತವಾಗಿದ್ದರೆ ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ಲಿಖಿತವಾಗಿರುತ್ತದೆ. ಫಲವನ್ನು ಮಾತ್ರ ಬರೆದು ಸಾಧನವನ್ನು ಬರೆಯದ ಲಿಪಿ ಯಾವುದೂ ಇಲ್ಲ.

ಎಳ್ಳಿನ ಗಿಡದ ಕಥೆಯನ್ನೂ ಹೀಗೆಯೇ ಓದಬೇಕು. ಕಿತ್ತ ಗಿಡ ಬದುಕಿದ್ದು ಮಳೆ ಬಿದ್ದುದರಿಂದ. ಮಳೆ ಒಂದು ಕಾರಣ. ಏನೇ ಆದರೂ ಬದುಕುತ್ತಿತ್ತು ಎನ್ನಲು ಗೋಸಾಲನಿಗೆ ಆಧಾರವಿರಲಿಲ್ಲ. ಆ ಮಳೆಗೆ ಬದುಕಿತು ಎನ್ನಲು ಮಾತ್ರ ಇತ್ತು. ನಿಯತಿ ಕಂಡೆನೆಂದು ಅವನು ಭಾವಿಸಿದ ಜಾಗದಲ್ಲಿ ಕಂಡದ್ದು ಕಾರ್ಯಕಾರಣ.

ನಮ್ಮ ಊರುಗಳಲ್ಲಿ ವಿಧಿಯನ್ನು ನಂಬುವವರು ಕೂಡ ಗೋಸಾಲನ ಅರ್ಥದಲ್ಲಿ ನಂಬುವುದಿಲ್ಲ. ಜಾತಕ ನೋಡಿ ಕಂಟಕವಿದೆ ಎನ್ನುವ ಜೋಯಿಸರು ಅದೇ ಉಸಿರಿನಲ್ಲಿ ಶಾಂತಿಯನ್ನೂ ಹೇಳುತ್ತಾರೆ. ತಪ್ಪಿಸಲಾಗದ್ದಕ್ಕೆ ಪರಿಹಾರ ಇರಲಾರದು. ಪರಿಹಾರ ಇರುವುದಾದರೆ ಅದು ತಪ್ಪಿಸಬಹುದಾದದ್ದು. ಶಾಂತಿ ಫಲಿಸುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಮಾಡಿಸುವವರು ಒಳಗೊಳಗೇ ಪ್ರಯತ್ನವಾದಿಗಳು ಎಂಬುದಂತೂ ಸ್ಪಷ್ಟ.

ಸಿದ್ಧಾಂತ

ನಿಯತಿ ಹೋಯಿತು, ಕಾರಣ ಉಳಿಯಿತು. ಇನ್ನು ಕಾರಣವಾದಿಯ ಪ್ರಶ್ನೆಯನ್ನು ಎದುರಿಸಬೇಕು. ಅದಕ್ಕೆ ಒರೆಗಲ್ಲು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಸಿಗುತ್ತದೆ. ಜೀವ ಕರ್ತೃ ಎನ್ನಲು ಅಲ್ಲಿ ಕೊಡುವ ಹೇತು ಇಷ್ಟು: ಕರ್ತೃ ಇಲ್ಲದಿದ್ದರೆ ‘ಇದನ್ನು ಮಾಡು, ಅದನ್ನು ಮಾಡಬೇಡ’ ಎನ್ನುವ ಶಾಸ್ತ್ರವೇ ನಿರರ್ಥಕವಾದೀತು. ಮುಂದೆ ಆ ಕರ್ತೃತ್ವ ಪರಮಾತ್ಮನ ಅಧೀನ ಎಂದು ಹೇಳಿದಾಗಲೂ, ಅವನು ಜೀವ ಮಾಡಿದ ಪ್ರಯತ್ನವನ್ನು ಅಪೇಕ್ಷಿಸಿಯೇ ಮಾಡಿಸುತ್ತಾನೆ, ಇಲ್ಲವಾದರೆ ವಿಧಿನಿಷೇಧಗಳು ವ್ಯರ್ಥವಾಗುತ್ತವೆ ಎಂದು ಅದೇ ಹೇತುವಿಗೆ ಮರಳುತ್ತದೆ.

ಮೂವರು ಆಚಾರ್ಯರು ಇದನ್ನು ಮೂರು ರೀತಿ ಬಿಡಿಸಿದ್ದಾರೆ. ಶಂಕರರ ಪ್ರಕಾರ ಈಶ್ವರ ಮಳೆಯಂತೆ ಸಾಮಾನ್ಯ ಕಾರಣ. ಯಾವ ಬೀಜ ಏನಾಗಿ ಬೆಳೆಯುತ್ತದೆ ಎಂಬುದು ಆ ಬೀಜಕ್ಕೆ ಸೇರಿದ್ದು. ರಾಮಾನುಜರ ಪ್ರಕಾರ ಮೊದಲ ಪ್ರಯತ್ನ ಜೀವನದು, ಈಶ್ವರನದು ಅನುಮತಿ. ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬ ಪರಭಾರೆ ಮಾಡುವಾಗ ಇನ್ನೊಬ್ಬನ ಒಪ್ಪಿಗೆ ಬೇಕಾಗುವಂತೆ. ಸೂತ್ರದಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಮಧ್ವರು ತಮ್ಮದೇ ರೀತಿಯಲ್ಲಿ ಓದುತ್ತಾರೆ: ಮಾಡಿಸುವವನ ಅಧೀನದಲ್ಲಿ ಇದ್ದುಕೊಂಡೂ ಬಡಗಿ ತನ್ನ ಕೆಲಸಕ್ಕೆ ತಾನು ಕರ್ತೃ. ಅದೇ ಬಡಗಿಯನ್ನು ಶಂಕರರು ಉಪಕರಣ ಹಿಡಿದಾಗ ಕರ್ತೃ, ಕೆಳಗಿಟ್ಟಾಗ ಅಲ್ಲ ಎಂದು ಓದಿ, ಕರ್ತೃತ್ವವೇ ಉಪಾಧಿಯಿಂದ ಬಂದದ್ದು ಎನ್ನುತ್ತಾರೆ. ತತ್ತ್ವದಲ್ಲಿ ಇಷ್ಟು ದೂರ ನಿಂತ ಮೂವರೂ ಒಂದು ಕಡೆ ಸೇರುತ್ತಾರೆ. ಉಪದೇಶವನ್ನು ವ್ಯರ್ಥಗೊಳಿಸುವ ಯಾವ ಮತವೂ ಒಪ್ಪತಕ್ಕದ್ದಲ್ಲ.

ಈ ಒರೆಗಲ್ಲನ್ನು ನಾವು ಈಶ್ವರನ ವಿಷಯ ಬಿಟ್ಟೂ ಬಳಸಬಹುದು. ಉಪದೇಶ ಸಾರ್ಥಕವಾಗಬೇಕಾದರೆ ಏನು ಬೇಕು? ಪೂರ್ವಮೀಮಾಂಸಕರು ಇದನ್ನು ಭತ್ತ ಕುಟ್ಟುವ ವಿಧಿಯಲ್ಲಿ ಚರ್ಚಿಸಿದ್ದಾರೆ. ಯಾಗಕ್ಕೆ ಬೇಕಾದ ಭತ್ತದ ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದು, ಕುಟ್ಟಿಯೂ ತೆಗೆಯಬಹುದು. ಎರಡು ದಾರಿ ಇರುವುದರಿಂದಲೇ ‘ಕುಟ್ಟಬೇಕು’ ಎಂಬ ನಿಯಮಕ್ಕೆ ಕೆಲಸವಿದೆ. ತಾನಾಗಿ ಆಗಿಯೇ ತೀರುವುದನ್ನು ಯಾರೂ ವಿಧಿಸುವುದಿಲ್ಲ, ಆಗಲಾರದ್ದನ್ನೂ ವಿಧಿಸುವುದಿಲ್ಲ. ಅಂದರೆ ಕೇಳುವವನ ಶಕ್ತಿಗೆ ಎರಡು ದಾರಿಗಳು ನಿಲುಕಬೇಕು, ಮತ್ತು ಹೇಳಿದ ಮಾತಿನಿಂದ ಅವನ ನಡೆಯಲ್ಲಿ ವ್ಯತ್ಯಾಸ ಬರಬೇಕು.

ಎರಡನೆಯ ಅಂಶದಲ್ಲಿ ಈ ವಿಚಾರದ ತಿರುಳಿದೆ. ಮಾತಿನಿಂದ ವ್ಯತ್ಯಾಸ ಬರಬೇಕು ಎಂದರೆ ಮಾತು ಕಾರಣವಾಗಬೇಕು, ನಡೆ ಅದರ ಕಾರ್ಯವಾಗಬೇಕು. ನನ್ನ ನಿರ್ಧಾರಕ್ಕೆ ಯಾವ ಕಾರಣವೂ ಇಲ್ಲ ಎನ್ನುವ ಕೇವಲ ಸ್ವಾತಂತ್ರ್ಯವಾದಿ ಉಪದೇಶಕ್ಕೂ ಬಾಗಿಲು ಹಾಕಿದಂತಾಯಿತು, ಏಕೆಂದರೆ ಉಪದೇಶವೂ ಒಂದು ಕಾರಣ. ಯದೃಚ್ಛಾವಾದದಲ್ಲಿಯೂ ಅದೇ ಪಾಡು. ಅಣುಗಳ ಲೋಕದಲ್ಲಿ ಅನಿಶ್ಚಿತತೆ ಇದೆ ಎಂದು ಹೈಸೆನ್‌ಬರ್ಗ್ 1927ರಲ್ಲಿ ತೋರಿಸಿದ ಮೇಲೆ ಸ್ವಾತಂತ್ರ್ಯಕ್ಕೆ ಜಾಗ ಸಿಕ್ಕಿತು ಎಂದು ಹಿಗ್ಗಿದವರಿದ್ದಾರೆ. ಆದರೆ ನನ್ನ ಮಿದುಳಿನಲ್ಲಿ ಲಾಟರಿ ಎತ್ತಿದಂತೆ ನಿರ್ಧಾರ ಬಿದ್ದರೆ ಅದು ನನ್ನದಾಗುವುದು ಹೇಗೆ? ನಿಯತಿ ಉಪದೇಶವನ್ನು ವ್ಯರ್ಥ ಮಾಡುತ್ತದೆ, ಯದೃಚ್ಛೆಯೂ ವ್ಯರ್ಥ ಮಾಡುತ್ತದೆ, ಕಾರಣವಿಲ್ಲದ ಸ್ವಾತಂತ್ರ್ಯವೂ ವ್ಯರ್ಥ ಮಾಡುತ್ತದೆ. ಉಪದೇಶಕ್ಕೆ ನೆಲೆ ಕೊಡುವುದು ಕಾರ್ಯಕಾರಣದ ಜಗತ್ತು ಮಾತ್ರ.

ಆದ್ದರಿಂದ ಸಿದ್ಧಾಂತ ಹೀಗೆ: ಹೇಳಿದರೆ ಕಾಣಬಲ್ಲವನು, ಕಂಡದ್ದರ ಯುಕ್ತಾಯುಕ್ತಗಳನ್ನು ತೂಗಬಲ್ಲವನು, ತೂಗಿದಂತೆ ನಡೆಯಬಲ್ಲವನು ಕರ್ತೃ. ಕಾಣುವುದು, ತೂಗುವುದು, ನಡೆಯುವುದು ಈ ಮೂರೂ ಶಕ್ತಿಗಳು. ಇವು ಕಾರಣಗಳಿಂದ ಬಂದವು, ಕಾರಣಗಳಿಂದ ಬೆಳೆಯುತ್ತವೆ, ಕಾರಣಗಳಿಂದ ಕುಂದುತ್ತವೆ. ಕರ್ತೃತ್ವವು ಇದೆ ಅಥವಾ ಇಲ್ಲ ಎಂಬಂಥದಲ್ಲ. ಒಬ್ಬನಲ್ಲಿ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ. ಒಬ್ಬನಲ್ಲಿಯೇ ಬೆಳಗ್ಗೆ ಹೆಚ್ಚು, ಕುಡಿದ ರಾತ್ರಿ ಕಡಿಮೆ.

ಆಕ್ಷೇಪಗಳು, ಸಮಾಧಾನಗಳು

ಆಕ್ಷೇಪ 1. ಬೇರೆ ರೀತಿ ಮಾಡಲು ಆಗದಿದ್ದಮೇಲೆ ಹೊಣೆ ಎಲ್ಲಿಯದು? ತತ್ತ್ವಜ್ಞ ಪೀಟರ್ ವ್ಯಾನ್ ಇನ್‌ವೇಗನ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಗಿಯಾಗಿ ಕಟ್ಟಿದ್ದಾರೆ. ನಾವು ಹುಟ್ಟುವ ಮೊದಲಿನ ಜಗತ್ತು ನಮ್ಮ ಕೈಯಲ್ಲಿಲ್ಲ, ಪ್ರಕೃತಿಯ ನಿಯಮಗಳೂ ನಮ್ಮ ಕೈಯಲ್ಲಿಲ್ಲ. ಇವೆರಡರಿಂದ ನಮ್ಮ ನಡೆ ಹೊರಡುವುದಾದರೆ ಅದೂ ನಮ್ಮ ಕೈಯಲ್ಲಿಲ್ಲ.

ಸಮಾಧಾನ: ‘ಬೇರೆ ರೀತಿ ಮಾಡಬಹುದಿತ್ತು’ ಎಂಬುದಕ್ಕೆ ಎರಡು ಅರ್ಥಗಳಿವೆ. ನನ್ನ ತಿಳಿವಳಿಕೆ, ಆಸೆ, ಸ್ವಭಾವ, ಸುತ್ತಲಿನ ಜಗತ್ತು ಎಲ್ಲವೂ ಕೂದಲೆಳೆಯಷ್ಟೂ ಬದಲಾಗದೆ ನಡೆ ಮಾತ್ರ ಬೇರೆಯಾಗುತ್ತಿತ್ತು ಎಂಬುದು ಒಂದು. ಇದು ಆಕಸ್ಮಿಕ; ಇದರಿಂದ ಹೊಣೆ ಹೆಚ್ಚುವುದಿಲ್ಲ. ಯಾರಾದರೂ ತಿಳಿಸಿ ಹೇಳಿದ್ದರೆ, ಅಥವಾ ನಾನೇ ಒಂದು ಗಳಿಗೆ ನಿಂತು ಯೋಚಿಸಿದ್ದರೆ ಬೇರೆಯಾಗುತ್ತಿತ್ತು ಎಂಬುದು ಇನ್ನೊಂದು. ಮಗನನ್ನು ಬೈಯುವ ತಾಯಿ, ಆರೋಪಿಯನ್ನು ವಿಚಾರಿಸುವ ನ್ಯಾಯಾಧೀಶ ಕೇಳುತ್ತಿರುವುದು ಈ ಎರಡನೆಯದನ್ನು. ಕಾರಣವಾದ ಇದನ್ನು ಅಲ್ಲಗಳೆಯುವುದಿಲ್ಲ.

ಆಕ್ಷೇಪ 2. ‘ಯೋಚಿಸಿದ್ದರೆ’ ಎನ್ನುತ್ತೀರಿ. ಯೋಚಿಸುವ ಸ್ವಭಾವವನ್ನೇ ನಾನು ಆರಿಸಿಕೊಳ್ಳಲಿಲ್ಲವಲ್ಲ. ನನ್ನನ್ನು ನಾನೇ ಮೊದಲಿನಿಂದ ರೂಪಿಸಿಕೊಂಡಿದ್ದರೆ ಮಾತ್ರ ನನ್ನ ನಡೆಗೆ ಪೂರ್ಣವಾಗಿ ನಾನು ಹೊಣೆ. ಅದು ಯಾರಿಗೂ ಸಾಧ್ಯವಿಲ್ಲ.

ಸಮಾಧಾನ: ಇದು ನಿಜ, ಒಪ್ಪಲೇಬೇಕು. ನಮ್ಮ ಪರಂಪರೆಯೂ ಇದನ್ನು ಒಪ್ಪಿದೆ. ಈ ಜನ್ಮದ ಸ್ವಭಾವಕ್ಕೆ ಹಿಂದಿನ ಕರ್ಮ, ಅದಕ್ಕೆ ಅದರ ಹಿಂದಿನದು ಎಂದು ಹೋದವರು ಕೊನೆಗೆ ಸಂಸಾರ ಅನಾದಿ ಎಂದರು. ಮೊದಲ ಆಯ್ಕೆ ಎಂಬುದೊಂದು ಇತ್ತು ಎಂದು ಹೇಳಲಿಲ್ಲ. ಹಾಗಾಗಿ ಪೂರ್ಣ ಹೊಣೆ, ಮೂಲ ಹೊಣೆ ಎಂಬುದು ನಮಗಿಲ್ಲ. ಆದರೆ ಅದು ಇಲ್ಲವೆಂದ ಮಾತ್ರಕ್ಕೆ ಯಾವ ಹೊಣೆಯೂ ಇಲ್ಲ ಎಂದಾಗದು. ಕಲಿಯುವ ಶಕ್ತಿಯನ್ನು ಮಗು ಆರಿಸಿಕೊಂಡಿಲ್ಲ. ಆದರೂ ಕಲಿತದ್ದು ಅದರದೇ. ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ದೈವವೆಂದರೆ ಹಿಂದಿನ ಪೌರುಷವೇ, ಇಂದಿನ ಪೌರುಷ ಅದರೊಡನೆ ಸೆಣಸಬಲ್ಲದು ಎನ್ನುತ್ತಾರೆ. ಜನ್ಮಾಂತರವನ್ನು ನಂಬದವರೂ ಇದರ ಸಾರವನ್ನು ಇಟ್ಟುಕೊಳ್ಳಬಹುದು. ಇಂದಿನ ಅಭ್ಯಾಸ ನಾಳಿನ ಸ್ವಭಾವ.

ಆಕ್ಷೇಪ 3. ಲಿಬೆಟ್‌ನ ಪ್ರಯೋಗಕ್ಕೆ ಉತ್ತರ ಹೇಳಲಿಲ್ಲ.

ಸಮಾಧಾನ: ಆ ಪ್ರಯೋಗದಲ್ಲಿ ಕೈಯನ್ನು ಈಗ ಅಲುಗಿಸಲು ಅಥವಾ ತುಸು ತಡೆದು ಅಲುಗಿಸಲು ಯಾವ ಯುಕ್ತಿಯೂ ಇರಲಿಲ್ಲ. ತೂಗುವುದಕ್ಕೆ ಏನೂ ಇಲ್ಲದ ಕಡೆ ತೂಗುವವನನ್ನು ಹುಡುಕಿ ಸಿಗಲಿಲ್ಲ ಎಂದರೆ ಅದು ತೂಗುವವನೇ ಇಲ್ಲ ಎಂಬುದಕ್ಕೆ ಪ್ರಮಾಣವಲ್ಲ. ಎದ್ದ ಇಚ್ಛೆಯನ್ನು ಕೊನೆಗಳಿಗೆಯಲ್ಲಿ ತಡೆಯಲು ಸಾಧ್ಯ ಎಂದು ಲಿಬೆಟ್ ಕೂಡ ಹೇಳುತ್ತಿದ್ದ. 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಆ ಮುಂಚಿನ ಚಟುವಟಿಕೆಗೆ ಬೇರೆ ವಿವರಣೆ ಕೊಟ್ಟರು: ಮಿದುಳಿನಲ್ಲಿ ಯಾವಾಗಲೂ ಇರುವ ಏರಿಳಿತ ಒಂದು ಮಟ್ಟ ಮುಟ್ಟಿದಾಗ ಕೈ ಅಲುಗುತ್ತದೆ; ಹಿಂದಿರುಗಿ ನೋಡಿದರೆ ಅದು ಮೊದಲೇ ಮಾಡಿದ ನಿರ್ಧಾರದಂತೆ ಕಾಣುತ್ತದೆ. ಇನ್ನು, ನಿರ್ಧಾರ ಮಿದುಳಿನಲ್ಲಿ ಆಗುತ್ತದೆ ಎಂಬುದರಿಂದ ನಮಗೆ ನಷ್ಟವೇನು? ನಾನು ತೂಗುವುದು ಮಿದುಳಿನಿಂದಲೇ.

ಆಕ್ಷೇಪ 4. ಹೇಳಿದಂತೆ ಬದಲಾಗುವುದೇ ಕರ್ತೃತ್ವವಾದರೆ ಸಾಕಿದ ನಾಯಿಯೂ, ಪ್ರಶ್ನೆಗೆ ಉತ್ತರಿಸುವ ಕಂಪ್ಯೂಟರೂ ಕರ್ತೃಗಳಾಗಬೇಕು.

ಸಮಾಧಾನ: ನಾಯಿ ದನಿಯನ್ನೂ ಬಿಸ್ಕತ್ತನ್ನೂ ಬಲ್ಲದು, ‘ಏಕೆ’ ಎಂದು ಕೇಳಲಾರದು, ಹೇಳಿದ್ದು ಸರಿಯಿಲ್ಲ ಎಂದು ವಾದಿಸಲಾರದು. ಅದರಲ್ಲಿ ಮೊದಲ ಮೆಟ್ಟಿಲಿದೆ, ಆದ್ದರಿಂದಲೇ ಅದನ್ನು ಗದರುತ್ತೇವೆ, ಆದರೆ ಜೈಲಿಗೆ ಹಾಕುವುದಿಲ್ಲ. ಯಂತ್ರವೊಂದು ತೂಗಿದ್ದಕ್ಕೆ ತಾನು ಬದ್ಧವಾಗಿ, ಅದರಂತೆ ನಡೆದು, ನಡೆದದ್ದಕ್ಕೆ ಉತ್ತರ ಕೊಡುವಂತಾದರೆ ಆಗ ಅದನ್ನೂ ಇದೇ ಅಳತೆಯಿಂದ ನೋಡಬೇಕಾಗುತ್ತದೆ. ಸಿದ್ಧಾಂತ ಕೊಡುವುದು ಅಳತೆಯನ್ನು. ಯಾವ ಜಾತಿಯ ಜೀವಿ ಎಂದು ಅದು ಮೊದಲೇ ಕೇಳುವುದಿಲ್ಲ.

ಆಕ್ಷೇಪ 5. ಜಾಹೀರಾತಿಗೆ ಮರುಳಾಗುವವನು, ದ್ವೇಷದ ಭಾಷಣ ಕೇಳಿ ಕಲ್ಲು ತೂರುವವನು ಮಾತಿನಿಂದಲೇ ನಡೆದವರು. ಇವರು ಹೆಚ್ಚಿನ ಕರ್ತೃಗಳೇ?

ಸಮಾಧಾನ: ಒಂದೇ ಕಡೆಯ ಮಾತು ತಾಗಿ, ಎದುರು ಮಾತು ತಾಗದೇ ಹೋಗುವವನಲ್ಲಿ ತೂಗುವ ಶಕ್ತಿ ಕುಂದಿದೆ. ತಕ್ಕಡಿಗೆ ಎರಡು ತಟ್ಟೆ ಬೇಕು. ಪೂರ್ವಪಕ್ಷವನ್ನು ಗಟ್ಟಿಯಾಗಿ ಮಂಡಿಸಿಯೇ ಮುಂದೆ ಹೋಗಬೇಕೆಂಬ ಶಾಸ್ತ್ರಕ್ರಮ ಬರೀ ಸೌಜನ್ಯಕ್ಕಲ್ಲ, ಕರ್ತೃತ್ವದ ಅಭ್ಯಾಸಕ್ಕೆ. ಮರುಳಾದವನು ಹೊಣೆಯಿಂದ ಪೂರ್ತಿ ಪಾರಾಗುವುದಿಲ್ಲ. ಮರುಳು ಮಾಡಿದವನ ಹೊಣೆ ಮಾತ್ರ ಅಷ್ಟರಮಟ್ಟಿಗೆ ಏರುತ್ತದೆ.

ಆಕ್ಷೇಪ 6. ಮೂಲ ಹೊಣೆ ಇಲ್ಲವೆಂದ ಮೇಲೆ ಶಿಕ್ಷೆ ಅನ್ಯಾಯ. ಕೋಪ, ಕೃತಜ್ಞತೆ ಎರಡೂ ಅರ್ಥವಿಲ್ಲದವು.

ಸಮಾಧಾನ: ಅರ್ಧ ಒಪ್ಪುತ್ತೇವೆ. ನೋವು ಕೊಟ್ಟವನು ನೋವುಣ್ಣಲಿ, ಅದರಿಂದ ಯಾರಿಗೆ ಏನಾಗದಿದ್ದರೂ ಚಿಂತೆಯಿಲ್ಲ ಎಂಬ ಪ್ರತೀಕಾರಕ್ಕೆ ಆಧಾರ ಕಳಚಿತು. ಆದರೆ ಶಿಕ್ಷೆಗೆ ಬೇರೆ ಕೆಲಸಗಳಿವೆ. ಉಳಿದವರನ್ನು ಕಾಪಾಡುವುದು, ಕೆಟ್ಟದ್ದನ್ನು ಕೆಟ್ಟದ್ದೆಂದು ಸಮಾಜದ ಮುಂದೆ ಹೇಳುವುದು, ನಷ್ಟ ತುಂಬಿಸುವುದು, ಮಾಡಿದವನನ್ನು ತಿದ್ದುವುದು. ಇವೆಲ್ಲ ನಿಲ್ಲುತ್ತವೆ. ಇನ್ನು ಕೋಪ, ಕೃತಜ್ಞತೆಗಳ ಬಗ್ಗೆ ತತ್ತ್ವಜ್ಞ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ತೋರಿಸಿಕೊಟ್ಟಿದ್ದಾರೆ: ಇನ್ನೊಬ್ಬರನ್ನು ಮನುಷ್ಯರೆಂದು ಕಂಡು ಅವರೊಡನೆ ವ್ಯವಹರಿಸುವ ರೀತಿಯಲ್ಲೇ ಇವು ಹೆಣೆದುಕೊಂಡಿವೆ, ತತ್ತ್ವವಾದವೊಂದನ್ನು ಒಪ್ಪಿದ ಮಾತ್ರಕ್ಕೆ ಕಳಚಿ ಬೀಳುವುದಿಲ್ಲ. ಬಂಡೆಗೆ ಎಡವಿದರೆ ಬಂಡೆಯ ಮೇಲೆ ಮುನಿದು ಕೂರುವುದಿಲ್ಲ. ಗೆಳೆಯನ ಮೇಲೆ ಮುನಿಯುವುದು ಅವನಿಗೆ ತಾಗುತ್ತದೆ ಎಂಬ ಭರವಸೆಯಿಂದ.

ಪ್ರಯೋಜನ

ಫಲವಿಲ್ಲದ ವಿಚಾರವನ್ನು ಮೀಮಾಂಸಕರು ಒಪ್ಪುವುದಿಲ್ಲ. ಈ ಸಿದ್ಧಾಂತದಿಂದ ಏನು ಬದಲಾಗಬೇಕು?

ಮೊದಲು ಕಾನೂನು. ಕರ್ತೃತ್ವಕ್ಕೆ ಮೆಟ್ಟಿಲುಗಳಿವೆ ಎಂಬುದನ್ನು ಕಾನೂನು ಆಗಲೇ ಅರೆಬರೆ ಒಪ್ಪಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನ ಪ್ರಕಾರ ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. 21ನೇ ಕಲಮು ಏಳರಿಂದ ಹನ್ನೆರಡರವರೆಗಿನ ಮಗುವಿಗೆ ತನ್ನ ನಡೆಯ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿದೆಯೇ ಎಂದು ನೋಡುತ್ತದೆ. 22ನೆಯದು ಚಿತ್ತಸ್ವಾಸ್ಥ್ಯ ಇಲ್ಲದವರಿಗೆ ಸಂಬಂಧಿಸಿದ್ದು. 1860ರ ದಂಡಸಂಹಿತೆಯಿಂದ ಬಂದ ಅಳತೆಯನ್ನೇ ಅದು ಇಟ್ಟುಕೊಂಡಿದೆ: ತಾನು ಮಾಡುತ್ತಿರುವುದೇನು, ಅದು ತಪ್ಪು ಎಂಬುದು ಆ ಹೊತ್ತಿಗೆ ತಿಳಿದಿತ್ತೇ? ನಮ್ಮ ಸಿದ್ಧಾಂತದ ಪ್ರಕಾರ ಈ ಅಳತೆ ಸಾಲದು. ಅದು ಕಾಣುವ ಶಕ್ತಿಯನ್ನು ಕೇಳುತ್ತದೆ, ತೂಗಿದಂತೆ ನಡೆಯುವ ಶಕ್ತಿಯನ್ನು ಕೇಳುವುದಿಲ್ಲ. ತಪ್ಪು ಎಂದು ತಿಳಿದೂ ಕೈ ತಡೆಯಲಾರದ ರೋಗಿ ಅದರ ಕಣ್ಣಿಗೆ ಪೂರ್ಣ ಕರ್ತೃ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇನ್ನೊಂದು ದಾರಿ ತೋರಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದು ಹೇಳಿತು. ಗೆಡ್ಡೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾರಣವಿದೆ ಎಂಬುದು ಕ್ಷಮೆಗೆ ಆಧಾರವಲ್ಲ, ಎಲ್ಲದಕ್ಕೂ ಕಾರಣವಿದೆ. ಆ ಕಾರಣ ಮೂರು ಶಕ್ತಿಗಳಲ್ಲಿ ಯಾವುದನ್ನು ಎಷ್ಟು ಮುರಿಯಿತು ಎಂಬುದು ಆಧಾರ. ವಂಶವಾಹಿಯಾಗಲಿ, ಬಾಲ್ಯದ ಪೆಟ್ಟಾಗಲಿ ಹಾಗೆ ಮುರಿದಿದ್ದರೆ ಅದಕ್ಕೂ ಅಷ್ಟೇ ರಿಯಾಯಿತಿ ಸಲ್ಲಬೇಕು.

ಎರಡನೆಯದು ಹಣೆಬರಹದ ಮಾತು. ನಮ್ಮ ಸಮಾಜದಲ್ಲಿ ಈ ಮಾತನ್ನು ಹೆಚ್ಚಾಗಿ ಮೇಲಿದ್ದವರು ಕೆಳಗಿದ್ದವರಿಗೆ ಹೇಳಿದ್ದಾರೆ. ಹುಟ್ಟಿದ ಜಾತಿ, ಬಡತನ, ವೈಧವ್ಯ ಎಲ್ಲವೂ ಅವರವರು ಪಡೆದು ಬಂದದ್ದು ಎಂದು. ಅಂಬೇಡ್ಕರ್ ಅವರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ಇದೇ ಜಾಗದಲ್ಲಿ ಹಿಡಿದಿದ್ದಾರೆ: ಬಡವರ, ದೀನರ ಸ್ಥಿತಿಗೆ ರಾಜ್ಯವೂ ಸಮಾಜವೂ ಹೊಣೆ ಹೊರದಂತೆ ಅದು ಕಾಪಾಡುತ್ತದೆ. ತಪ್ಪಿಸಬಹುದಾದ ಮಾನವಕೃತ ಕಾರಣವನ್ನು ವಿಧಿ ಎಂದು ಕರೆಯುವವನು ಗೋಸಾಲನಿಗಿಂತ ಕೆಳಗಿನವನು. ಗೋಸಾಲ ತನ್ನ ಮತವನ್ನು ತನಗೂ ಅನ್ವಯಿಸಿಕೊಂಡಿದ್ದ.

ಮೂರನೆಯದು ನಮ್ಮ ನಮ್ಮ ಬದುಕು. ವನಪರ್ವದಲ್ಲಿ ದ್ರೌಪದಿ ರೈತನ ಉದಾಹರಣೆ ಕೊಡುತ್ತಾಳೆ. ಅವನು ನೆಲ ಉತ್ತು ಬೀಜ ಬಿತ್ತುತ್ತಾನೆ, ಆಮೇಲೆ ಮಳೆಯ ಕೆಲಸ. ಮಳೆ ಕೈಕೊಟ್ಟರೆ ಅವನದು ತಪ್ಪಿಲ್ಲ, ತನ್ನ ಪಾಲಿನದನ್ನು ಅವನು ಮಾಡಿದ್ದಾನೆ. ಹೊಣೆಯ ಗಡಿ ಎಲ್ಲಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ದೈವವೊಂದು ಬಗೆಯಿತು ಎಂಬ ಗಾದೆ ಉತ್ತು ಬಿತ್ತಿದವನಿಗೆ ಸಲ್ಲುತ್ತದೆ, ಮಗನಾದರೂ ಸರಿ, ಪಕ್ಕದ ಮನೆಯವನಾದರೂ ಸರಿ. ಉಳದವನಿಗೆ ಸಲ್ಲುವುದಿಲ್ಲ.

ಇದರಿಂದ ಕೊನೆಯದೊಂದು ಕರ್ತವ್ಯ ಹೊರಡುತ್ತದೆ. ಕರ್ತೃತ್ವ ಕಾರಣಗಳಿಂದ ಬೆಳೆಯುವಂಥದಾದರೆ, ಆ ಕಾರಣಗಳಲ್ಲಿ ಹಲವು ನಮ್ಮ ಕೈಯಲ್ಲಿವೆ. ಶಾಲೆ ಸಿಕ್ಕದ ಮಗುವಿನಲ್ಲಿ, ಹಸಿವಿನಲ್ಲಿ ಬೆಳೆದವನಲ್ಲಿ, ಪ್ರಶ್ನೆ ಕೇಳಿದರೆ ಪೆಟ್ಟು ಬೀಳುವ ಮನೆಯ ಹುಡುಗಿಯಲ್ಲಿ ಕಾಣುವ, ತೂಗುವ, ನಡೆಯುವ ಶಕ್ತಿಗಳು ಬೆಳೆಯದಂತೆ ತಡೆದವರು ಯಾರು ಎಂದು ಕೇಳಬೇಕಾಗುತ್ತದೆ. ಒಬ್ಬನನ್ನು ಕಟಕಟೆಯಲ್ಲಿ ನಿಲ್ಲಿಸಿ ಹೊಣೆ ಹೊರಿಸುವಾಗ, ಅವನಿಗೆ ತಿಳಿಯುವಂತೆ ಯಾರಾದರೂ ಎಂದಾದರೂ ಹೇಳಿದ್ದರೇ, ಕೇಳಿ ತೂಗಿ ನಡೆಯಲು ಅವನಿಗೆ ಅವಕಾಶವಿತ್ತೇ ಎಂದು ವಿಚಾರಿಸುವುದು ಹೊರಿಸುವವರ ಹೊಣೆ. ಆ ವಿಚಾರಣೆ ನಡೆಸದೆ ಕೊಟ್ಟ ತೀರ್ಪಿನಲ್ಲಿ ಅಪರಾಧಿಯ ಜೊತೆ ಇನ್ನೊಬ್ಬ ಕರ್ತೃವೂ ಇದ್ದಾನೆ, ಅವನ ಹೆಸರು ಮಾತ್ರ ದಾಖಲೆಯಲ್ಲಿ ಬಂದಿರುವುದಿಲ್ಲ.